10 ಸೆಕೆಂಡ್ ಹಾಡಿಗೂ ಕಾಪಿರೈಟ್ ಕ್ಲೇಮ್ ಬರುತ್ತಾ?

ಪ್ರಶ್ನೆ: ತಂಗಿ ಮದುವೆಯ ವಿಡಿಯೊಗೆ ಸಿನಿಮಾ ಹಾಡಿನ 10 ಸೆಕೆಂಡ್ ಮಾತ್ರ ಹಾಕಿದ್ದೆ. ಯೂಟ್ಯೂಬಿನಿಂದ ಕಾಪಿರೈಟ್ ಕ್ಲೇಮ್ ಬಂದಿದೆ. 30 ಸೆಕೆಂಡ್‌ವರೆಗೆ ಬಳಸಬಹುದು ಅಂತಾರಲ್ಲ? ಚಾನೆಲ್ ಹೋಗುತ್ತಾ?

ಉತ್ತರ: ಈ ಒಂದು ಕ್ಲೇಮಿಗೆ ಚಾನೆಲ್ ಹೋಗುವುದಿಲ್ಲ. ಅದಕ್ಕೆ ಆಮೇಲೆ ಬರೋಣ. ಮೊದಲು ಈ 30 ಸೆಕೆಂಡಿನ ಕಥೆ ಮುಗಿಸಬೇಕು. ಎಷ್ಟು ಸಲ ಅಲ್ಲಗಳೆದರೂ ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಎದ್ದು ಬರುತ್ತದೆ.

ಅಂಥ ನಿಯಮವೇ ಇಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿಲ್ಲ, ಅಮೆರಿಕದ ಕಾನೂನಿನಲ್ಲಿಲ್ಲ, ಯೂಟ್ಯೂಬಿನ ನಿಯಮಗಳಲ್ಲೂ ಇಲ್ಲ. 10 ಸೆಕೆಂಡೂ ಇಲ್ಲ, 7 ಸೆಕೆಂಡೂ ಇಲ್ಲ. ಕಾಯ್ದೆಯ 52ನೇ ಸೆಕ್ಷನ್ ನ್ಯಾಯಯುತ ಬಳಕೆಗೆ ವಿನಾಯಿತಿ ಕೊಡುವುದು ಉದ್ದೇಶ ನೋಡಿ: ಖಾಸಗಿ ಬಳಕೆ, ಸಂಶೋಧನೆ, ವಿಮರ್ಶೆ, ಪ್ರಚಲಿತ ಘಟನೆಗಳ ವರದಿ. ಊರಿಗೆಲ್ಲ ಕಾಣುವಂತೆ ಅಪ್‌ಲೋಡ್ ಮಾಡಿದ ಮೇಲೆ ಅದನ್ನು ಖಾಸಗಿ ಎನ್ನುವುದು ಕಷ್ಟ. ಇನ್ನು 'ಎಷ್ಟು' ಎಂಬ ಪ್ರಶ್ನೆ ಬಂದಾಗ ಕಾಯ್ದೆ ಕೇಳುವುದು, ಎತ್ತಿಕೊಂಡದ್ದು ಕೃತಿಯ ಗಣನೀಯ ಭಾಗವೇ ಎಂದು. ಪಲ್ಲವಿಯ ಎರಡು ಸಾಲು 8 ಸೆಕೆಂಡಿನಲ್ಲಿ ಮುಗಿಯಬಹುದು, ಆದರೆ ಹಾಡಿನ ಜೀವವೇ ಅಲ್ಲಿರುತ್ತದೆ.

2012ರಲ್ಲಿ ಇಂಡಿಯಾ ಟಿವಿ ಮತ್ತು ಯಶ್ ರಾಜ್ ಫಿಲ್ಮ್ಸ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ತೀರಾ ಕ್ಷುಲ್ಲಕವಾದ ಬಳಕೆಯನ್ನು ಬಿಟ್ಟುಬಿಟ್ಟಿತು, ನಿಜ. ಅಲ್ಲೂ ಹಾನಿ ಎಷ್ಟು, ಉದ್ದೇಶವೇನು ಎಂದು ತೂಗಿ ನೋಡಿತೇ ಹೊರತು ಇಷ್ಟು ಸೆಕೆಂಡ್ ಎಂದು ಗೆರೆ ಎಳೆಯಲಿಲ್ಲ.

ಅಷ್ಟಕ್ಕೂ ನಿಮಗೆ ಕ್ಲೇಮ್ ಕಳಿಸಿದ್ದು ಯಾವ ನ್ಯಾಯಾಧೀಶರೂ ಅಲ್ಲ, ಕಂಟೆಂಟ್ ಐಡಿ ಎಂಬ ಸಾಫ್ಟ್‌ವೇರ್. ಆಡಿಯೊ ಕಂಪನಿ ಕೊಟ್ಟ ಮೂಲ ಫೈಲ್‌ನ ಡಿಜಿಟಲ್ ಗುರುತನ್ನು ಇಟ್ಟುಕೊಂಡು ಅಪ್‌ಲೋಡುಗಳನ್ನು ಅದು ಹೋಲಿಸುತ್ತದೆ. ಡಿಸ್ಕ್ರಿಪ್ಷನ್‌ನಲ್ಲಿ ನೀವು ಬರೆದ 'ಹಕ್ಕು ಮೂಲ ಮಾಲೀಕರದ್ದು' ಅದಕ್ಕೆ ಲೆಕ್ಕಕ್ಕಿಲ್ಲ. ಇಂಥ ಯಂತ್ರ ಇಡಿ ಎಂದು ಕಾನೂನು ಯೂಟ್ಯೂಬಿಗೆ ಹೇಳಿರಲಿಲ್ಲ. ಅಮೆರಿಕದ 1998ರ ಡಿಜಿಟಲ್ ಕೃತಿಸ್ವಾಮ್ಯ ಕಾಯ್ದೆಯಾದ ಡಿಎಂಸಿಎ ಪ್ರಕಾರ ಮುಖ್ಯವಾಗಿ ದೂರು ಬಂದಾಗ ತೆಗೆದುಹಾಕಬೇಕು. ಭಾರತದಲ್ಲಿ ಲಿಖಿತ ದೂರು ಬಂದ 36 ಗಂಟೆಯೊಳಗೆ ತಡೆಯಬೇಕು, 21 ದಿನದಲ್ಲಿ ದೂರುದಾರರು ಕೋರ್ಟ್ ಆದೇಶ ತರದಿದ್ದರೆ ಮತ್ತೆ ತೆರೆಯಬಹುದು. 2007ರಲ್ಲಿ ಅಮೆರಿಕದ ಟಿವಿ-ಸಿನಿಮಾ ಕಂಪನಿ ವಯಾಕಾಮ್ ಕೃತಿಸ್ವಾಮ್ಯ ಉಲ್ಲಂಘನೆಗೆ 100 ಕೋಟಿ ಡಾಲರ್ ಕೇಳಿ ಯೂಟ್ಯೂಬ್ ಮೇಲೆ ಕೇಸ್ ಹಾಕಿತು. ಯೂಟ್ಯೂಬ್ ತಾನಾಗಿಯೇ ಕಂಟೆಂಟ್ ಐಡಿ ಶುರು ಮಾಡಿದ್ದೂ ಅದೇ ವರ್ಷ. ಹಾಗಾಗಿ ಕಾನೂನು ಕೊಟ್ಟ ವಿನಾಯಿತಿ ನಿಮಗಿದ್ದರೂ ಯಂತ್ರ ಮೊದಲು ಹಿಡಿಯುತ್ತದೆ, ವಾದ ಆಮೇಲೆ.

ಈಗ ನಿಮ್ಮ ಚಾನೆಲ್. ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಕ್ಲೇಮ್ ಬಂದರೆ ಸಾಮಾನ್ಯವಾಗಿ ಜಾಹೀರಾತಿನ ದುಡ್ಡು ಹಕ್ಕುದಾರರಿಗೆ ಹೋಗುತ್ತದೆ, ಕೆಲವೊಮ್ಮೆ ವಿಡಿಯೊ ಬ್ಲಾಕ್ ಆಗುತ್ತದೆ. ಸ್ಟ್ರೈಕ್ ಎಂದರೆ ಹಕ್ಕುದಾರರು ವಿಡಿಯೊವನ್ನೇ ತೆಗೆಸಿದಾಗ ಚಾನೆಲ್ ಮೇಲೆ ಬೀಳುವ ಎಚ್ಚರಿಕೆ; ಅದು 90 ದಿನದಲ್ಲಿ 3 ಆದರೆ ಚಾನೆಲ್ಲೇ ಹೋಗುತ್ತದೆ. ಯೂಟ್ಯೂಬ್ ಸ್ಟುಡಿಯೊದಲ್ಲಿ ಕ್ಲೇಮಿನ ವಿವರ ತೆರೆದರೆ ಆ ತುಣುಕನ್ನು ಕತ್ತರಿಸುವ, ಹಾಡನ್ನಷ್ಟೇ ಅಳಿಸುವ ಅಥವಾ ಬದಲಿಸುವ ಆಯ್ಕೆ ಇರುತ್ತದೆ. ಮದುವೆ ವಿಡಿಯೊಗೆ ಇಷ್ಟು ಸಾಕು. 'ಡಿಸ್ಪ್ಯೂಟ್' ಒತ್ತಿದರೆ ಹಕ್ಕುದಾರರಿಗೆ ಉತ್ತರಿಸಲು 30 ದಿನ ಸಿಗುತ್ತದೆ. ಅವರು ಒಪ್ಪದೆ, ನೀವು ಮೇಲ್ಮನವಿ ಹಾಕಿ, ಅವರು ವಿಡಿಯೊ ತೆಗೆಸಿದರೆ ಇಲ್ಲದ ಸ್ಟ್ರೈಕನ್ನು ಕರೆದು ತಂದುಕೊಂಡ ಹಾಗೆ. '30 ಸೆಕೆಂಡ್ ನಿಯಮ' ಎಂಬ ಕಾರಣ ಬರೆದು ದಯವಿಟ್ಟು ಅಲ್ಲಿಗೆ ಹೋಗಬೇಡಿ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ: ಸಿನಿಮಾ ಹಾಡಿನ ಬದಲು ದೇವರನಾಮ ಹಾಕಿದರೆ? ಪುರಂದರದಾಸರ ಸಾಹಿತ್ಯಕ್ಕೆ ಯಾರ ಹಕ್ಕೂ ಇಲ್ಲ, ಆದರೆ ಕ್ಯಾಸೆಟ್ ಕಂಪನಿಯ ಧ್ವನಿಮುದ್ರಣಕ್ಕೆ ಇದೆ. ಬಿಡುಗಡೆಯಾದ ಮರುವರ್ಷದಿಂದ 60 ವರ್ಷ ಎಣಿಸಿ. 1960ರ ರೆಕಾರ್ಡಿಗೆ 2020ರ ಕೊನೆಗೆ ಮುಗಿದಿದೆ, 1985ರ ಕ್ಯಾಸೆಟ್ಟಿಗೆ ಮುಗಿದಿಲ್ಲ. ಮನೆಯವರೇ ಹಾಡಿ ರೆಕಾರ್ಡ್ ಮಾಡಿದರೆ ದಾಸರ ಪದಕ್ಕೆ ತೊಂದರೆಯಿಲ್ಲ. ಬೇಂದ್ರೆಯವರ ಭಾವಗೀತೆಯಾದರೆ ಹಾಗಲ್ಲ: ಸಾಹಿತ್ಯದ ಹಕ್ಕು ಕವಿ ತೀರಿಕೊಂಡ ಮರುವರ್ಷದಿಂದ 60 ವರ್ಷ ಇರುತ್ತದೆ. ಅವರು ತೀರಿಕೊಂಡದ್ದು 1981ರಲ್ಲಿ, ಆದ್ದರಿಂದ ಮನೆಯವರೇ ಹಾಡಿದರೂ ಸಾಹಿತ್ಯಕ್ಕೆ 2041ರ ಕೊನೆಯವರೆಗೂ ಅನುಮತಿ ಬೇಕು.