ಮ್ಯಾಕ್ ಅಡ್ರೆಸ್ ಬರೆಯಿರಿ, ಎಚ್‌ಒಡಿ ಸಹಿ ಹಾಕಿಸಿ

ಅಕ್ಕನ ಮಗಳು ಬೆಂಗಳೂರಿನ ಒಂದು ಎಂಜಿನಿಯರಿಂಗ್ ಕಾಲೇಜಿಗೆ ಸೇರಿದಳು. ಮೊದಲ ವಾರವೇ ಕೈಗೊಂದು ಫಾರಂ ಕೊಟ್ಟರು. ಲ್ಯಾಪ್‌ಟಾಪ್ ಯಾವ ಕಂಪನಿಯದು, ಸೀರಿಯಲ್ ನಂಬರ್ ಏನು, ಮ್ಯಾಕ್ ಅಡ್ರೆಸ್ ಏನು, ಆಂಟಿವೈರಸ್ ಇದೆಯಾ, ನೆಟ್‌ವರ್ಕ್ ಕಾರ್ಡ್ ಯಾವ ಕಂಪನಿಯದು. ಕೆಳಗೆ ಅಪ್ಪನ ಸಹಿ, ಮೆಂಟರ್ ಸಹಿ, ಎಚ್‌ಒಡಿ ಅಂದರೆ ವಿಭಾಗದ ಮುಖ್ಯಸ್ಥರ ಸಹಿ. ಇಷ್ಟೆಲ್ಲ ಆದ ಮೇಲೆ ವೈಫೈ. "ಮಾಮಾ, ಮ್ಯಾಕ್ ಅಡ್ರೆಸ್ ಆಪಲ್ ಇಟ್ಟುಕೊಂಡವರಿಗೆ ಮಾತ್ರ ಅಲ್ವಾ?" ಅಂತ ಫೋನ್ ಮಾಡಿದಳು.

ನಗು ಬಂತು. ಅದು ಆಪಲ್‌ನ ಮ್ಯಾಕ್ ಅಲ್ಲ, ನೆಟ್‌ವರ್ಕಿಗೆ ಸೇರುವ ಯಾವುದೇ ಯಂತ್ರದ ಗುರುತಿನ ನಂಬರ್. ಆದರೆ ಅವಳು ಕಳಿಸಿದ ಫೋಟೋ ನೋಡುತ್ತಾ ಕೂತಾಗ ಅನ್ನಿಸಿತು, ಈ ಫಾರಂನ ಒಂದೊಂದು ಕಾಲಂ ಹಿಂದೆಯೂ ಒಂದೊಂದು ಹಳೇ ಗಲಾಟೆ ಇದೆ. ಗಲಾಟೆ ಮುಗಿದು ಎಷ್ಟೋ ವರ್ಷ ಆಯಿತು, ಕಾಲಂ ಮಾತ್ರ ಉಳಿದುಕೊಂಡಿದೆ.

ಮೊದಲು ಈ ತಲೆನೋವೇ ಇರಲಿಲ್ಲ, ಯಾಕೆಂದರೆ ಕಂಪ್ಯೂಟರ್ ಕಾಲೇಜಿನದೇ ಆಗಿತ್ತು. ಮಲ್ಲೇಶ್ವರದ ಪಕ್ಕದಲ್ಲಿರುವ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಐಐಎಸ್‌ಸಿಯಲ್ಲಿ, 1970ರಲ್ಲಿ ಕಂಪ್ಯೂಟರ್ ಸೆಂಟರ್ ಶುರುವಾದಾಗ ಬಂದದ್ದು ಐಬಿಎಂ 360 ಸರಣಿಯ ಯಂತ್ರ. ಆ ಕಾಲದಲ್ಲಿ ಪ್ರೋಗ್ರಾಂ ಅಂದರೆ ತೂತು ಹಾಕಿದ ಕಾರ್ಡುಗಳ ಕಟ್ಟು. ಕೊಟ್ಟು ಬರಬೇಕು, ಆಮೇಲೆ ಹೋಗಿ ಉತ್ತರ ತರಬೇಕು. ಯಂತ್ರದ ಹತ್ತಿರ ವಿದ್ಯಾರ್ಥಿಯ ಕೈ ಹೋಗುವ ಮಾತೇ ಇಲ್ಲ.

ನೆಟ್‌ವರ್ಕ್ ಬಂದದ್ದು 1986ರಲ್ಲಿ ಶುರುವಾದ ಅರ್ನೆಟ್ ಜೊತೆ, ಅಂದರೆ ವಿದ್ಯಾಸಂಸ್ಥೆ, ಸಂಶೋಧನಾ ಸಂಸ್ಥೆಗಳನ್ನು ಜೋಡಿಸುವ ನೆಟ್‌ವರ್ಕ್. ಐದು ಐಐಟಿ, ನಮ್ಮ ಐಐಎಸ್‌ಸಿ, ಬಾಂಬೆಯ ಸಾಫ್ಟ್‌ವೇರ್ ಸಂಶೋಧನಾ ಕೇಂದ್ರ ಎನ್‌ಸಿಎಸ್‌ಟಿ, ದಿಲ್ಲಿಯ ಎಲೆಕ್ಟ್ರಾನಿಕ್ಸ್ ಇಲಾಖೆ, ಒಟ್ಟು ಎಂಟು ಕಡೆ. ಕೊನೆಗೆ ಅಮೆರಿಕದವರೆಗೆ ಸಿಕ್ಕ ಲೈನು ಸೆಕೆಂಡಿಗೆ 9,600 ಬಿಟ್. ಇವತ್ತು ವಾಟ್ಸಾಪ್‌ನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಹೂವಿನ ಫೋಟೋ ಆ ಲೈನಿನಲ್ಲಿ ಇಳಿಯುವಷ್ಟರಲ್ಲಿ ಕಾಫಿ ಕುಡಿದು ಲೋಟ ತೊಳೆದಿಡಬಹುದಿತ್ತು. ಸಾಮಾನ್ಯ ಜನರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ಕ್ಕೆ, ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಮೂಲಕ. ಅಲ್ಲಿಯವರೆಗೆ ಹೆಚ್ಚಾಗಿ ಕ್ಯಾಂಪಸ್ ಗೇಟಿನ ಒಳಗಿದ್ದವರಿಗೇ ಆ ಭಾಗ್ಯ.

ನಮ್ಮ ಕಾಲೇಜಿನ ಲ್ಯಾಬ್ ನೆನಪಾಗುತ್ತದೆ. ಚಪ್ಪಲಿ ಹೊರಗೆ ಬಿಡಬೇಕು, ಫ್ಲಾಪಿ ತಂದರೆ ಲ್ಯಾಬ್ ಅಸಿಸ್ಟೆಂಟ್ ಹತ್ತಿರ ಕೊಟ್ಟು ಸ್ಕ್ಯಾನ್ ಮಾಡಿಸಬೇಕು, ಅವರ ಮೂಡ್ ಸರಿ ಇಲ್ಲದಿದ್ದರೆ ಆವತ್ತಿನ ಕೆಲಸ ನಾಳೆಗೆ. ಬೈದುಕೊಳ್ಳುತ್ತಿದ್ದೆವು, ಆದರೆ ಲೆಕ್ಕ ನೇರವಾಗಿತ್ತು: ಯಂತ್ರ ಅವರದು, ತಂತಿ ಅವರದು, ಬೀಗದ ಕೈಯೂ ಅವರದೇ.

ಇದನ್ನು ಕೆಡಿಸಿದ್ದು ಎಸ್‌ಪಿ ರೋಡ್, ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಬೀದಿ, ಅಂತ ನಾನು ಹೇಳುತ್ತೇನೆ. ಪ್ರೊಸೆಸರ್ ಒಂದು ಅಂಗಡಿಯಲ್ಲಿ, ಕ್ಯಾಬಿನೆಟ್ ಇನ್ನೊಂದರಲ್ಲಿ, ಚೌಕಾಸಿ ಮಾಡಿ ಆಟೋದಲ್ಲಿ ಹೇರಿಕೊಂಡು ಬಂದರೆ ರೂಮಿನಲ್ಲೇ ಕಂಪ್ಯೂಟರ್. ನೆಟ್‌ವರ್ಕ್ ಕಾರ್ಡ್ ಬೇರೆ ತಗೊಂಡು ಸಿಕ್ಕಿಸಬೇಕಿತ್ತು, ಕೇಬಲ್ಲನ್ನು ಮೀಟರ್ ಲೆಕ್ಕದಲ್ಲಿ ಕೊಂಡು ತುದಿಗೆ ಕನೆಕ್ಟರ್ ನಾವೇ ಒತ್ತಬೇಕಿತ್ತು. ಕಿಟಕಿಯಿಂದ ಕಿಟಕಿಗೆ ಕೇಬಲ್, ನಡುವೆ ಎಲ್ಲೋ ಆ ಕೇಬಲ್‌ಗಳನ್ನೆಲ್ಲ ಜೋಡಿಸುವ ಒಂದು ಸ್ವಿಚ್ ಪೆಟ್ಟಿಗೆ. ಕಾಲೇಜಿನವರಿಗೆ ಗೊತ್ತಾಗುವ ಮೊದಲೇ ಹಾಸ್ಟೆಲ್ ಒಳಗೆ ಒಂದು ಊರು ಕಟ್ಟಿಯಾಗಿತ್ತು. ಡಿಸಿ ಪ್ಲಸ್ ಪ್ಲಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಸಿನಿಮಾ ಹಂಚಿಕೆ, ರಾತ್ರಿಯೆಲ್ಲ ಕೌಂಟರ್ ಸ್ಟ್ರೈಕ್ ಆಟ.

ಹೊರಗೂ ಇದೇ ಕತೆ. ಅಮೆರಿಕದಲ್ಲಿ 1999ರಲ್ಲಿ ಹಾಡು ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಬಂದು, ಮರುವರ್ಷವೇ ಇಂಡಿಯಾನಾ ವಿಶ್ವವಿದ್ಯಾಲಯದಂಥ ಕಡೆ ನೆಟ್‌ವರ್ಕಿನ ಬಹುಪಾಲು ಹಾಡು ಇಳಿಸುವುದಕ್ಕೇ ಹೋಗುತ್ತಿದೆ ಅಂತ ಅದನ್ನು ತಡೆದರು. ನಮ್ಮಲ್ಲಿ 2007ರಲ್ಲಿ ಐಐಟಿ ಬಾಂಬೆ, ಹುಡುಗರು ರಾತ್ರಿಯೆಲ್ಲ ಕಂಪ್ಯೂಟರ್ ಮುಂದೆ ಕೂತು ಬೆಳಿಗ್ಗೆ ಕ್ಲಾಸಿಗೆ ಬರಲ್ಲ ಅಂತ, ಹಾಸ್ಟೆಲ್‌ಗಳಲ್ಲಿ ರಾತ್ರಿ 11ಕ್ಕೆ ಇಂಟರ್ನೆಟ್ ನಿಲ್ಲಿಸಿತು. ಮೊದಲನೆಯದು ಪೈಪು ಸಾಲದ ಸಮಸ್ಯೆ, ಎರಡನೆಯದು ನಿದ್ದೆಯ ಸಮಸ್ಯೆ. ಕಾಲೇಜುಗಳು ಇವೆರಡನ್ನೂ ಒಂದೇ ನಲ್ಲಿ ತಿರುಗಿಸಿ ಸರಿಮಾಡಲು ಹೊರಟವು, ಅಲ್ಲಿಂದಲೇ ನೆಟ್‌ವರ್ಕ್ ಅಡ್ಮಿನ್‌ಗೆ ವಾರ್ಡನ್ ಕೆಲಸವೂ ಅಂಟಿಕೊಂಡಿತು.

ಮ್ಯಾಕ್ ಅಡ್ರೆಸ್ ಕಾಲಂ ಹುಟ್ಟಿದ್ದೂ ಈ ಕಾಲದಲ್ಲೇ. ಪ್ರತಿ ನೆಟ್‌ವರ್ಕ್ ಕಾರ್ಡಿಗೂ ಕಾರ್ಖಾನೆಯಲ್ಲೇ 48 ಬಿಟ್‌ನ ಒಂದು ನಂಬರ್ ಕೊಟ್ಟಿರುತ್ತಾರೆ. ಮೊದಲರ್ಧ ಕಂಪನಿಯ ಗುರುತು, ಉಳಿದರ್ಧ ಆ ಕಾರ್ಡಿನದು. (ಅಂದರೆ ಮ್ಯಾಕ್ ಅಡ್ರೆಸ್ ಬರೆಸಿಕೊಂಡ ಮೇಲೆ ಕಾರ್ಡ್ ಯಾವ ಕಂಪನಿಯದು ಅಂತ ಮತ್ತೆ ಕೇಳುವ ಅಗತ್ಯವೇ ಇಲ್ಲ!) ಯಾರ ಕಾರ್ಡು ಯಾವುದು ಅಂತ ಪಟ್ಟಿ ಇದ್ದರೆ, ಕಳ್ಳ ಸಿನಿಮಾದ ದೂರು ಬಂದಾಗ ಯಾರ ರೂಮಿನ ಬಾಗಿಲು ತಟ್ಟಬೇಕು ಅಂತ ಗೊತ್ತಾಗುತ್ತದೆ. ಯೋಚನೆ ಸರಿ. ಆದರೆ ಆ ನಂಬರನ್ನು ಸಾಫ್ಟ್‌ವೇರ್‌ನಲ್ಲಿ ಬದಲಿಸುವುದು ಎರಡು ನಿಮಿಷದ ಕೆಲಸ, ಊರಿಗೆ ಹೋದ ಗೆಳೆಯನ ನಂಬರ್ ಹಾಕಿಕೊಂಡು ಅವನ ಪಾಲಿನ ನೆಟ್ ಬಳಸಿದವರು ನನಗೇ ಗೊತ್ತು.

ಆಂಟಿವೈರಸ್ ಕಾಲಂ ಕತೆ ಬೇರೆ. ಅದರ ಹುಟ್ಟುಹಬ್ಬ 2003ರ ಆಗಸ್ಟ್ 11. ಆವತ್ತು ಬ್ಲಾಸ್ಟರ್ ಅನ್ನುವ ವರ್ಮ್, ಅಂದರೆ ನೆಟ್‌ವರ್ಕಿನಲ್ಲಿ ತಾನೇ ಹರಡುವ ವೈರಸ್ಸಿನಂಥದ್ದು, ಹರಡಿತು. ಏನೂ ಕ್ಲಿಕ್ ಮಾಡಬೇಕಿರಲಿಲ್ಲ, ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ನೆಟ್‌ವರ್ಕಿಗೆ ತಗುಲಿದ್ದರೆ ಸಾಕು. ಪರದೆ ಮೇಲೆ 60 ಸೆಕೆಂಡಿನ ಕೌಂಟ್‌ಡೌನ್, ಆಮೇಲೆ ರೀಸ್ಟಾರ್ಟ್, ಮತ್ತೆ ಕೌಂಟ್‌ಡೌನ್. ಮೈಕ್ರೋಸಾಫ್ಟ್ ಜುಲೈನಲ್ಲೇ ಆ ತೂತು ಮುಚ್ಚುವ ತೇಪೆ (ಪ್ಯಾಚ್) ಬಿಟ್ಟಿತ್ತು, ಹಾಕಿಕೊಂಡವರು ಕಡಿಮೆ. ಹಾಕಿಕೊಳ್ಳಲು ಡೌನ್‌ಲೋಡ್ ಮಾಡಬೇಕು, ಅದಕ್ಕೆ ನೆಟ್ ಬೇಕು, ನೆಟ್‌ಗೆ ಹೋದರೆ ವರ್ಮ್. ಅಮೆರಿಕದಲ್ಲಿ ಹುಡುಗರು ರಜೆ ಮುಗಿಸಿ ಕಂಪ್ಯೂಟರ್ ಹೊತ್ತುಕೊಂಡು ಹಾಸ್ಟೆಲಿಗೆ ಬರುವ ಸಮಯ ಬೇರೆ. ವಿಶ್ವವಿದ್ಯಾಲಯಗಳು ಸಿಡಿಗಳಲ್ಲಿ ತೇಪೆ ಹಾಕಿ ಹಂಚಿದವು, ಕಂಪ್ಯೂಟರ್ ಕ್ಲೀನ್ ಆಗುವವರೆಗೆ ಕನೆಕ್ಷನ್ ಕೊಡಲ್ಲ ಅಂದವು. ಅಲ್ಲಿಯವರೆಗೆ ಕಳ್ಳ ಹೊರಗಿನಿಂದ ಬರುತ್ತಾನೆ ಅಂತ ಕಾಂಪೌಂಡ್ ಎತ್ತರಿಸಿದ್ದರು, ಈಗ ನೋಡಿದರೆ ಬ್ಯಾಗಿನಲ್ಲೇ ಒಳಗೆ ಬಂದಿದ್ದ. ಹೊಸ ಯಂತ್ರವನ್ನು ಮೊದಲು ಪ್ರತ್ಯೇಕ ಜಾಗದಲ್ಲಿಟ್ಟು ಪರೀಕ್ಷೆ ಮಾಡಿ ಒಳಗೆ ಬಿಡುವ ಪದ್ಧತಿ ದೊಡ್ಡದಾಗಿ ಬೆಳೆದದ್ದು ಆಗ.

ಇದಕ್ಕಿಂತ ಒಳ್ಳೆಯ ಯೋಚನೆಯೂ ಅದೇ ಹೊತ್ತಿಗೆ ಬಂದಿತ್ತು. 2002ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಹೊಳೆದದ್ದು, ಆಮೇಲೆ ಎಡ್ಯುರೋಮ್ ಅಂತ ಹೆಸರಾಯಿತು. ಯಂತ್ರ ಬಿಡಿ, ಮನುಷ್ಯನನ್ನು ಕೇಳಿ. ಬೇರೆ ಕ್ಯಾಂಪಸ್ಸಿಗೆ ಹೋದರೂ ನಿಮ್ಮ ಸ್ವಂತ ಕಾಲೇಜಿನ ಐಡಿ, ಪಾಸ್‌ವರ್ಡ್ ನಡೆಯುತ್ತದೆ. ಪಾಸ್‌ವರ್ಡ್ ಸರಿಯಾ ಅಂತ ನೋಡುವುದು ನಿಮ್ಮ ಕಾಲೇಜಿನ ಸರ್ವರ್, ಅತಿಥೇಯರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಭಾರತದಲ್ಲಿ ಇದನ್ನು ನಡೆಸುವುದು ಅದೇ ಹಳೇ ಅರ್ನೆಟ್. ಐಐಎಸ್‌ಸಿಯಲ್ಲಿ ಇದೆ. ಎಷ್ಟೋ ಖಾಸಗಿ ಕಾಲೇಜುಗಳಲ್ಲಿ ಮಾತ್ರ ಇವತ್ತಿಗೂ ಲಾಗಿನ್ ಪೇಜೇ ಗತಿ.

ಆ ಲಾಗಿನ್ ಪೇಜು ಅಂದರೆ ನಮ್ಮ ತಲೆಮಾರಿನ ಹಾಸ್ಟೆಲಿಗರಿಗೆ ಸೈಬರೋಮ್. ಕಾಲೇಜಿನ ನೆಟ್‌ಗೆ ಕಾವಲು ಕೂರಿಸುವ, ಅಹಮದಾಬಾದಿನ ಕಂಪನಿಯ ಪೆಟ್ಟಿಗೆ. ಯಾರು ಎಷ್ಟು ಎಂಬಿ ಬಳಸಿದರು, ಯಾವ ಸೈಟಿಗೆ ಹೋದರು ಎಲ್ಲ ಬರೆದಿಡುತ್ತಿತ್ತು. ಬೀಗ ಹಾಕಿದ ಎಚ್‌ಟಿಟಿಪಿಎಸ್ ಸೈಟುಗಳ ಒಳಗೂ ಇಣುಕಬೇಕಾದರೆ ಬಳಕೆದಾರರ ಕಂಪ್ಯೂಟರಿನಲ್ಲಿ ಪೆಟ್ಟಿಗೆಯ ಸರ್ಟಿಫಿಕೇಟ್, ಅಂದರೆ ಈ ಪೆಟ್ಟಿಗೆಯನ್ನು ನಂಬು ಅನ್ನುವ ಡಿಜಿಟಲ್ ಗುರುತುಪತ್ರ, ಹಾಕಿಸಬೇಕಿತ್ತು. 2012ರಲ್ಲಿ, ಗುರುತು ಬಿಡದೆ ನೆಟ್ ಬಳಸುವ ಸಾಫ್ಟ್‌ವೇರ್ ಮಾಡುವ ಟಾರ್ ಪ್ರಾಜೆಕ್ಟ್‌ನವರು ಒಂದು ವಿಷಯ ಬಯಲು ಮಾಡಿದರು: ಆ ಪೆಟ್ಟಿಗೆಗಳಲ್ಲೆಲ್ಲ ಒಂದೇ ಸರ್ಟಿಫಿಕೇಟ್, ಒಂದೇ ಕೀಲಿ. ಒಂದು ಕಾಲೇಜಿನ ಪೆಟ್ಟಿಗೆಯಿಂದ ಕೀಲಿ ತೆಗೆದವನು ಇನ್ನೊಂದು ಕಾಲೇಜಿನ ಹುಡುಗರನ್ನೂ ಓದಬಹುದಿತ್ತು. ಆಮೇಲೆ ಸರಿಪಡಿಸಿದರು. ಆದರೂ ಕಾಲೇಜಿನವರು ಲ್ಯಾಪ್‌ಟಾಪಿಗೆ ಸರ್ಟಿಫಿಕೇಟ್ ಹಾಕಿಕೋ ಅಂದರೆ ಯಾಕೆ ಅಂತ ಕೇಳು ಅಂತ ಹುಡುಗಿಗೆ ಹೇಳಿಟ್ಟಿದ್ದೇನೆ.

ಮುಂದಿನದು ಬೇಗ ನಡೆದುಹೋಯಿತು. 2010ರಲ್ಲಿ ಒಪ್ಪಿಗೆ ಸಿಕ್ಕ ನ್ಯಾಷನಲ್ ನಾಲೆಡ್ಜ್ ನೆಟ್‌ವರ್ಕ್‌ನಿಂದ ದೊಡ್ಡ ಸಂಸ್ಥೆಗಳಿಗೆ ಗಿಗಾಬಿಟ್ ಲೈನು ಬಂತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಹುಡುಗರ ಜೇಬಿನಲ್ಲೇ ನೆಟ್ ಸಿಕ್ಕಿತು, ರಾತ್ರಿ 11ರ ನಲ್ಲಿಗೆ ಬೆಲೆಯೇ ಇಲ್ಲದಂತಾಯಿತು. 2019ರಲ್ಲಿ ಕೇರಳ ಹೈಕೋರ್ಟ್, ಹಾಸ್ಟೆಲಿನಲ್ಲಿ ಸಂಜೆ 6ರಿಂದ 10ರವರೆಗೆ ಫೋನ್ ಬಳಸಬಾರದು ಅನ್ನುವ ನಿಯಮ ಪ್ರಶ್ನಿಸಿದ ವಿದ್ಯಾರ್ಥಿನಿಯ ಕೇಸಿನಲ್ಲಿ, ಇಂಟರ್ನೆಟ್ ಬಳಕೆ ಓದಿನ ಹಕ್ಕು ಮತ್ತು ಖಾಸಗಿತನದ ಹಕ್ಕಿನ ಭಾಗ ಅಂದಿತು. ಇನ್ನೊಂದು ಕಡೆ 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ ಆದೇಶ ಬಂದು, ಸಂಸ್ಥೆಗಳು 180 ದಿನದ ಲಾಗ್ (ಬಳಕೆಯ ದಾಖಲೆ) ಇಟ್ಟುಕೊಳ್ಳಬೇಕು, ಸೈಬರ್ ದಾಳಿಯಾದರೆ 6 ಗಂಟೆಯೊಳಗೆ ತಿಳಿಸಬೇಕು ಅಂತಾಯಿತು. ಹಾಗಾಗಿ ಅಡ್ಮಿನ್‌ಗಳನ್ನೂ ಸುಮ್ನೆ ಬೈಯುವ ಹಾಗಿಲ್ಲ, ಯಾರು ಯಾವಾಗ ಬಂದರು ಅನ್ನುವ ಲೆಕ್ಕ ಅವರ ಹತ್ತಿರ ಇರಲೇಬೇಕು.

ಆದರೆ ಮ್ಯಾಕ್ ಅಡ್ರೆಸ್‌ನಿಂದ ಆ ಲೆಕ್ಕ ಈಗ ಸಿಗುವುದೇ ಕಷ್ಟ. 2019ರಲ್ಲಿ ಆಂಡ್ರಾಯ್ಡ್ 10, 2020ರಲ್ಲಿ ಐಒಎಸ್ 14 ಬಂದಾಗಿನಿಂದ ಫೋನುಗಳು ವೈಫೈಗೆ ತಮ್ಮ ನಿಜವಾದ ನಂಬರ್ ಕೊಡುವುದಿಲ್ಲ, ಒಂದೊಂದು ವೈಫೈಗೆ ಒಂದೊಂದು ಸುಳ್ಳು ನಂಬರ್ ಹೇಳುತ್ತವೆ. ಮಾಲ್‌ಗಳಲ್ಲಿ, ಏರ್‌ಪೋರ್ಟ್‌ಗಳಲ್ಲಿ ನಮ್ಮನ್ನು ಹಿಂಬಾಲಿಸದಿರಲಿ ಅಂತ ಮಾಡಿದ ಏರ್ಪಾಡು. ಅಕ್ಕನ ಮಗಳು ಫೋನಿನದ್ದೂ ಸೆಟಿಂಗ್ಸ್‌ನಲ್ಲಿ ನೋಡಿ ಬರೆದಿದ್ದಳು, ಕನೆಕ್ಟ್ ಆಗಲಿಲ್ಲ. ಸಿಸ್ಟಮ್ ಅಡ್ಮಿನ್ ರೂಮಿನ ಮುಂದೆ ಕ್ಯೂ ಇತ್ತಂತೆ, ಎಲ್ಲರದೂ ಅದೇ ಸಮಸ್ಯೆ. ಒಳಗಿದ್ದವರು ಫೋನ್ ಇಸಕೊಂಡು, ಸುಳ್ಳು ನಂಬರ್ ಹೇಳುವ ಸೆಟಿಂಗ್ ಆಫ್ ಮಾಡಿ, ಮುಂದಿನವರು ಬನ್ನಿ ಅನ್ನುತ್ತಿದ್ದರಂತೆ.

ನೆಟ್‌ವರ್ಕ್ ಕಾರ್ಡ್ ಯಾವ ಕಂಪನಿಯದು ಅನ್ನುವ ಕಾಲಂನಲ್ಲಿ ಅವಳು "ಗೊತ್ತಿಲ್ಲ" ಅಂತ ಬರೆದಿದ್ದಳು. ಮೂರೂ ಸಹಿ ಬಿದ್ದವು.