ವಾಕ್ ದ ಲೈನ್: ಗರಗಸ ಯಾಕೆ ಮೊದಲೇ ಬಂತು?

2005ರ ಚಿತ್ರ. ನಿರ್ದೇಶಕ ಜೇಮ್ಸ್ ಮ್ಯಾನ್‌ಗೋಲ್ಡ್. ಅಮೆರಿಕದ ಕಂಟ್ರಿ (ಅಲ್ಲಿನ ಹಳ್ಳಿ ಸೊಗಡಿನ ಸಂಗೀತ) ಗಾಯಕ ಜಾನಿ ಕ್ಯಾಶ್ ಅವರ ಬದುಕಿನ ಕಥೆ. ಕ್ಯಾಶ್ ಪಾತ್ರದಲ್ಲಿ ವಾಕೀನ್ ಫೀನಿಕ್ಸ್, ಅವನು ಪ್ರೀತಿಸುವ ಗಾಯಕಿ ಜೂನ್ ಕಾರ್ಟರ್ ಪಾತ್ರದಲ್ಲಿ ರೀಸ್ ವಿದರ್‌ಸ್ಪೂನ್. ರೀಸ್‌ಗೆ ಆಸ್ಕರ್ ಬಂತು. ಈ ವಿವರ ಎಲ್ಲಾ ಕಡೆ ಸಿಗುತ್ತದೆ, ಮುಂದೆ ಹೋಗೋಣ.

ಮೊದಲು ಒಂದು ಉಪಾಯ. ಬಯೋಪಿಕ್ (ನಿಜದ ವ್ಯಕ್ತಿಯ ಬದುಕಿನ ಚಿತ್ರ) ಬಗ್ಗೆ ಬರೆಯುವಾಗ ಪಾತ್ರ ಮತ್ತು ನಿಜದ ಮನುಷ್ಯ ಪದೇಪದೇ ಕಲಸಿಹೋಗುತ್ತಾರೆ. ಕನ್ನಡದಲ್ಲಿ ನಮಗೆ ಒಂದು ಅನುಕೂಲ ಇದೆ. ತೆರೆಯ ಮೇಲಿನ ಕ್ಯಾಶ್‌ಗೆ 'ಅವನು', ಬದುಕಿದ್ದ ಕ್ಯಾಶ್‌ಗೆ 'ಅವರು' ಅಂತ ಬರೆಯಿರಿ. ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ಈ ಟಿಪ್ಪಣಿಯಲ್ಲೂ ಹಾಗೇ ಮಾಡಿದ್ದೇನೆ.

ನಾನು ಎಡವಿದ ಜಾಗ

ಚಿತ್ರ ಶುರುವಾಗುವುದು 1968ರಲ್ಲಿ, ಕ್ಯಾಲಿಫೋರ್ನಿಯಾದ ಫೋಲ್ಸಮ್ ಜೈಲಿನಲ್ಲಿ. ಮೊದಲು ಜೈಲಿನ ಹೊರಗೋಡೆ ಕಾಣುತ್ತದೆ. ಒಳಗಿಂದ ದಬ್ ದಬ್ ಅಂತ ಸದ್ದು. ಒಳಗೆ ಹೋದರೆ ಕೈದಿಗಳು ತಾಳಕ್ಕೆ ಕಾಲು ಕುಟ್ಟುತ್ತಿದ್ದಾರೆ, ಬ್ಯಾಂಡಿನವರು ಕಾಯುತ್ತಿದ್ದಾರೆ. ಅವನು ಮಾತ್ರ ವೇದಿಕೆಯ ಮೇಲಿಲ್ಲ. ಜೈಲಿನ ಮರಗೆಲಸದ ಕೋಣೆಯಲ್ಲಿ ಒಂದು ಗರಗಸದ ಮುಂದೆ ನಿಂತಿದ್ದಾನೆ. ಅದರ ಹಲ್ಲಿನ ಮೇಲೆ ಮೆಲ್ಲಗೆ ಬೆರಳು ಆಡಿಸುತ್ತಾನೆ. ಅಲ್ಲಿಂದ ಸೀದಾ 1944, ಆರ್ಕನ್ಸಾದ ಡೈಸ್ ಎಂಬ ಊರಿನ ಹತ್ತಿ ಹೊಲ.

ನಾನು ಇದನ್ನು 'ಗಾಯಕ ಹಳೇದು ನೆನೆಸಿಕೊಳ್ಳುತ್ತಿದ್ದಾನೆ, ಫ್ಲ್ಯಾಶ್‌ಬ್ಯಾಕ್' ಅಂತ ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋದೆ. ತಪ್ಪು ಅಂತಲ್ಲ, ಆದರೆ ಅದರಿಂದ ಏನೂ ಗೊತ್ತಾಗಲಿಲ್ಲ. ಎರಡನೇ ಸಲ ನೋಡುವಾಗ ಹಾಳೆಗೆ ನಡುವೆ ಗೆರೆ ಎಳೆದೆ. ಎಡಗಡೆ ಘಟನೆ ನಡೆದ ಕ್ರಮ. ಬಲಗಡೆ ಅದೇ ಘಟನೆ ನಮ್ಮ ಕಣ್ಣಿಗೆ ಬಿದ್ದ ಕ್ರಮ.

ಎಡಗಡೆ: 1944ರಲ್ಲಿ ಅಣ್ಣ ಜ್ಯಾಕ್ ಗರಗಸಕ್ಕೆ ಸಿಕ್ಕಿ ಸಾಯುತ್ತಾನೆ. ಜಾನಿಗೆ ಆಗ 12 ವರ್ಷ, ಮೀನು ಹಿಡಿಯಲು ಹೋಗಿದ್ದಾನೆ. ಒಳ್ಳೆಯ ಮಗನೇ ಹೋದ ಅಂತ ಅಪ್ಪ ಕೊರಗುತ್ತಾನೆ. 1968ರಲ್ಲಿ ಅವನು ಜೈಲಿನ ಗರಗಸ ಮುಟ್ಟುತ್ತಾನೆ. ಈ ಕ್ರಮದಲ್ಲಿ ಹೇಳಿದ್ದರೆ ಗರಗಸ ಕಂಡ ಕೂಡಲೇ 'ಅಯ್ಯೋ, ಅಣ್ಣ ನೆನಪಾದ' ಅಂತ ನಮಗೆ ಗೊತ್ತಾಗುತ್ತಿತ್ತು.

ಬಲಗಡೆ: ಮೊದಲು ಬರುವುದು 1968ರ ಗರಗಸ. ಆಗ ನಮಗೆ ಅದು ಸುಮ್ನೆ ಒಂದು ಯಂತ್ರ. ಹೊರಗೆ ಅಷ್ಟು ಜನ ಕಾಯುತ್ತಿರುವಾಗ ಇವನು ಇಲ್ಲೇನು ಮಾಡುತ್ತಿದ್ದಾನೆ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಜ್ಯಾಕ್ ಸಾಯುತ್ತಾನೆ. ಆಗ ನೆನಪಾಗುವುದು ನಮಗೆ! ನೆನಪಿನ ಕೆಲಸವನ್ನು ನಿರ್ದೇಶಕ ಪಾತ್ರದ ತಲೆಯಿಂದ ತೆಗೆದು ನೋಡುವವರ ತಲೆಗೆ ಹಾಕಿದ್ದಾನೆ. ಇಷ್ಟು ಅರ್ಥವಾಗಲು ನನಗೆ ಒಂದು ಭಾನುವಾರ ಪೂರ್ತಿ ಹೋಯಿತು.

ಇನ್ನೊಂದು ಎಡವಟ್ಟು. ಫೋಲ್ಸಮ್‌ನಲ್ಲಿ ಶುರುವಾಗಿದ್ದು ಫೋಲ್ಸಮ್‌ನಲ್ಲೇ ಮುಗಿಯುತ್ತದೆ ಅಂತ ನಾನು ಬರೆದಿದ್ದೆ. ಇಲ್ಲ. ಚಿತ್ರ ಅಲ್ಲಿಗೆ ವಾಪಸ್ ಬಂದು, ಅದನ್ನೂ ದಾಟಿ ಹೋಗುತ್ತದೆ. ಕೊನೆಯ ದೊಡ್ಡ ದೃಶ್ಯ ಕೆನಡಾದ ಒಂಟಾರಿಯೊದಲ್ಲಿ. ಅವನು ಹಾಡನ್ನು ಅರ್ಧಕ್ಕೇ ನಿಲ್ಲಿಸಿ ವೇದಿಕೆಯ ಮೇಲೆಯೇ ಜೂನ್‌ಗೆ ಮದುವೆಯಾಗು ಅಂತ ಕೇಳುತ್ತಾನೆ. ಗರಗಸದ ಪ್ರಶ್ನೆಗೆ ಜೈಲಿನಲ್ಲಿ ಉತ್ತರ ಸಿಕ್ಕಿತು, ಜೂನ್ ಪ್ರಶ್ನೆ ಬಾಕಿ ಇತ್ತು, ಅಲ್ವಾ? ನಿಜದಲ್ಲಿ ಜೈಲಿನ ಹಾಡಿಗೂ ಮದುವೆಯ ಮಾತಿಗೂ ನಡುವೆ ಇದ್ದದ್ದು 40 ದಿನ: 1968ರ ಜನವರಿ 13 ಮತ್ತು ಫೆಬ್ರವರಿ 22.

ಅವನು, ಅವರು

ಇಲ್ಲಿ ಮೇಲಿನ ಉಪಾಯ ಕೈಹಿಡಿಯುತ್ತದೆ. ಅವನು ಫೋಲ್ಸಮ್‌ಗೆ ಮೊದಲ ಸಲ ಹೋದಂತೆ ಚಿತ್ರ ಕಾಣಿಸುತ್ತದೆ. ಅವರು 1966ರಲ್ಲೇ ಅಲ್ಲಿ ಹಾಡಿದ್ದರು. ಫೋಲ್ಸಮ್ ಮೇಲಿನ ಹಾಡು ಬರೆದಾಗ ಮಾತ್ರ ಅವರು ಆ ಜೈಲನ್ನೇ ಕಂಡಿರಲಿಲ್ಲ. ಜರ್ಮನಿಯಲ್ಲಿ ವಾಯುಪಡೆಯ ಕೆಲಸದಲ್ಲಿದ್ದಾಗ, ಆ ಜೈಲಿನ ಬಗ್ಗೆ ಒಂದು ಸಿನಿಮಾ ನೋಡಿ ಬರೆದದ್ದು. ಹಾಡು ಹೊರಬಂದದ್ದು 1955ರಲ್ಲಿ, ಮೆಂಫಿಸ್‌ನ ಸನ್ ರೆಕಾರ್ಡ್ಸ್‌ನಿಂದ. ಅದನ್ನು ಅದೇ ಜೈಲಿನಲ್ಲಿ ಹಾಡಿ ರೆಕಾರ್ಡ್ ಮಾಡಲು ಇನ್ನೂ 13 ವರ್ಷ ಬೇಕಾಯಿತು. ಜೈಲಿನ ಹಾಡು ಹಾಡಿ ಹೆಸರು ಮಾಡಿದರೂ ಅವರು ಶಿಕ್ಷೆಯಾಗಿ ಸೆರೆಮನೆ ಸೇರಿದವರಲ್ಲ. ಬಂಧನವಾದಾಗ ಒಂದೊಂದು ರಾತ್ರಿ ಲಾಕಪ್‌ನಲ್ಲಿ ಕಳೆದದ್ದು ಉಂಟು.

ದನಿ

ಹಿನ್ನೆಲೆ ಗಾಯನ ಕೇಳಿ ಬೆಳೆದ ನನಗೆ ಚಿತ್ರದಲ್ಲಿ ಕೇಳುವ ಹಾಡು ಕ್ಯಾಶ್ ಅವರದೇ ಹಳೆಯ ರೆಕಾರ್ಡಿಂಗ್ ಅನ್ನಿಸಿತ್ತು. ಅಲ್ಲ, ಫೀನಿಕ್ಸ್ ಮತ್ತು ವಿದರ್‌ಸ್ಪೂನ್ ಇಬ್ಬರೂ ಸ್ವತಃ ಹಾಡಿದ್ದಾರೆ. ಸಂಗೀತದ ಹೊಣೆ ಟಿ ಬೋನ್ ಬರ್ನೆಟ್ ಅವರದು. ರೈಲು ಓಡಿದ ಹಾಗೆ ಕೇಳಿಸುವ ಆ ತಾಳ ಗಮನಿಸಿ. ಶುರುವಿನಲ್ಲಿ ಕ್ಯಾಶ್ ಅವರ ಬ್ಯಾಂಡಿನಲ್ಲಿ ಡ್ರಮ್ ಇರಲಿಲ್ಲ. ಗಿಟಾರಿನ ತಂತಿಗಳ ಸಂದಿಗೆ ಕಾಗದ ಸಿಕ್ಕಿಸಿ ಡ್ರಮ್ಮಿನಂಥ ಸದ್ದು ತರುತ್ತಿದ್ದರು.

ಇಷ್ಟಾದ ಮೇಲೂ ಗರಗಸದ ಲೆಕ್ಕ ತಲೆಗೆ ಹತ್ತದಿದ್ದರೆ 2007ರ 'ವಾಕ್ ಹಾರ್ಡ್' ನೋಡಿ. ಇಂಥ ಬಯೋಪಿಕ್‌ಗಳನ್ನು, ಅದರಲ್ಲೂ ಜಾಸ್ತಿ ಈ ಚಿತ್ರವನ್ನೇ ಗೇಲಿ ಮಾಡಲು ತೆಗೆದದ್ದು. ಅಲ್ಲೂ ಶುರುವಿಗೆ ಗಾಯಕ ವೇದಿಕೆಗೆ ಹೋಗದೆ ನಿಂತಿರುತ್ತಾನೆ. ಕರೆಯಲು ಬಂದವನಿಗೆ ಪಕ್ಕದವನು ಹೇಳುತ್ತಾನೆ: ಹಾಡುವ ಮುಂಚೆ ಅವನು ತನ್ನ ಇಡೀ ಜೀವನ ನೆನೆಸಿಕೊಳ್ಳಬೇಕು, ಬಿಡಿ.