ಗ್ರೀನ್‌ನ ಥ್ಯಾಚ್: ಕೀಳುವುದು ಅರ್ಧ ಕೆಲಸ, ಮರಳು ಇನ್ನರ್ಧ

ಗಾಲ್ಫ್ ಗ್ರೀನ್ ಅಂದರೆ ಚೆಂಡು ಬೀಳಬೇಕಾದ ಗುಳಿಯ ಸುತ್ತಲಿನ, 3ರಿಂದ 5 ಮಿ.ಮೀ. ಎತ್ತರಕ್ಕೆ ಹುಲ್ಲು ಕತ್ತರಿಸುವ ಜಾಗ. ಮೈಸೂರಿನ ಹವೆಗೆ ಅಲ್ಲಿ ಒಗ್ಗುವುದು ಬರ್ಮುಡಾ ಹುಲ್ಲು. ಗಣಪತಿಗೆ ಏರಿಸುವ ಗರಿಕೆಯ ಕುಲದ್ದೇ ಅದು. ಗರಿಕೆ ಹೊಲಕ್ಕೆ ಬಿದ್ದರೆ ಹೇಗೆ ಹಬ್ಬುತ್ತದೆ ಅಂತ ಮಂಡ್ಯದ ಕಡೆಯವರಿಗೆ ಹೇಳಬೇಕಿಲ್ಲ, ಅಲ್ವಾ?

ಈ ಹಬ್ಬುವ ಕಾಂಡ, ಬೇರುಗಳು ಕೊಳೆಯುವುದಕ್ಕಿಂತ ಬೇಗ ಹುಟ್ಟುತ್ತಾ ಹೋದರೆ ಹಸಿರಿಗೂ ಮಣ್ಣಿಗೂ ನಡುವೆ ಕಂದು ಪದರ ಕೂರುತ್ತದೆ. ಅದೇ ಥ್ಯಾಚ್. ಕತ್ತರಿಸಿದ ಎಲೆಚೂರುಗಳಿಂದ ಆಗುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಎಲೆಯಲ್ಲಿ ನೀರೇ ಜಾಸ್ತಿ, ಬೇಗ ಕರಗುತ್ತದೆ. ಕಾಂಡ, ಬೇರಿಗೆ ಗಟ್ಟಿತನ ಕೊಡುವ ಲಿಗ್ನಿನ್ ಅನ್ನುವ ಅಂಶ ಮಾತ್ರ ಸುಲಭಕ್ಕೆ ಕೊಳೆಯದು. ಯೂರಿಯಾ, ನೀರು ಅತಿಯಾದರೆ ಪದರ ಇನ್ನೂ ಬೇಗ ದಪ್ಪವಾಗುತ್ತದೆ.

ತೆಳ್ಳಗಿದ್ದರೆ ಒಳ್ಳೆಯದೇ, ಹುಲ್ಲಿನ ಬುಡಕ್ಕೆ ರಕ್ಷಣೆ. ಸುಮಾರು 12 ಮಿ.ಮೀ. ದಾಟಿತೋ, ತೆಂಗಿನ ನಾರಿನ ಹಾಸಿಗೆ ನೆನೆದಂತೆ ನೀರು ಹಿಡಿದು ಕೂರುತ್ತದೆ. ಬೇರು ಕೆಳಗಿಳಿಯದೆ ಅಲ್ಲೇ ಸುತ್ತುತ್ತದೆ, ಶಿಲೀಂಧ್ರ ರೋಗ ಬರುತ್ತದೆ. ಕತ್ತರಿಸುವ ಮೆಷಿನ್ ಹೂತುಕೊಂಡು ಅಲ್ಲಲ್ಲಿ ಹುಲ್ಲು ಬೋಳಾಗುತ್ತದೆ. ಚಾಕುವಿನಿಂದ ಒಂದು ತುಂಡು ಕೊಯ್ದು ಎತ್ತಿ, ಬದಿಯಿಂದ ನೋಡಿ, ಬೆರಳಲ್ಲಿ ಹಿಂಡಿ. ಪದರ ಎಷ್ಟು ದಪ್ಪ, ಎಷ್ಟು ನೀರು ಹಿಡಿದಿದೆ ಅಂತ ಅಲ್ಲೇ ಗೊತ್ತಾಗುತ್ತದೆ.

ತೆಗೆಯಲು ಎರಡು ದಾರಿ. ನೆಟ್ಟಗೆ ತಿರುಗುವ ಬ್ಲೇಡುಗಳಿಂದ ಸೀಳಿ ಎಳೆಯುವುದು ಒಂದು. ಟೊಳ್ಳು ಕೊಳವೆಗಳಿಂದ ಮಣ್ಣಿನ ಕಡ್ಡಿಗಳನ್ನೇ ಕಿತ್ತು ತೆಗೆಯುವುದು ಇನ್ನೊಂದು. ಎರಡನೆಯದರ ಲೆಕ್ಕ ಮಾಡಿ ನೋಡಿ. 12 ಮಿ.ಮೀ. ಅಗಲದ ತೂತುಗಳನ್ನು ಎರಡೂ ದಿಕ್ಕಿಗೆ 50 ಮಿ.ಮೀ. ಅಂತರದಲ್ಲಿ ಹೊಡೆದರೆ, ನೆಲದಲ್ಲಿ ತೆರೆಯುವುದು ನೂರಕ್ಕೆ ನಾಲ್ಕೂವರೆ ಪಾಲು ಅಷ್ಟೇ! ನೆಲವೆಲ್ಲ ತೂತಾದಂತೆ ಕಂಡರೂ ಉಳಿದ ಥ್ಯಾಚ್ ಇದ್ದಲ್ಲೇ ಇರುತ್ತದೆ. ಮರಳು ಬೇಕಾಗುವುದು ಇದಕ್ಕೇ. ಅದು ತೂತು ತುಂಬುವುದಷ್ಟೇ ಅಲ್ಲ, ಉಳಿದ ಥ್ಯಾಚಿನೊಳಗೆ ಬೆರೆತು ಗಾಳಿ, ನೀರು ಓಡಾಡಲು ಸಂದು ಉಳಿಸುತ್ತದೆ.

500 ಚದರ ಮೀಟರ್ ಗ್ರೀನ್‌ನಲ್ಲಿ 75 ಮಿ.ಮೀ. ಆಳದ ಈ ತೂತುಗಳನ್ನು ತುಂಬಲು ಸುಮಾರು 1.7 ಘನ ಮೀಟರ್ ಮರಳು ಬೇಕು. ಅಂದರೆ ಎರಡೂವರೆ ಟನ್ನಿಗೂ ಜಾಸ್ತಿ. ಆಮೇಲೆ ವರ್ಷವಿಡೀ ಆಗಾಗ ತೆಳ್ಳಗೆ ಎರಚುತ್ತಿರಬೇಕು. ವರ್ಷಕ್ಕೊಮ್ಮೆ ದಪ್ಪಗೆ ಸುರಿದರೆ ಮರಳೊಂದು ಪದರ, ಥ್ಯಾಚೊಂದು ಪದರ ಅಂತ ಅಡಕವಾಗಿ, ನೀರು ನಡುವೆಯೇ ನಿಲ್ಲುತ್ತದೆ. ನನ್ನ ಪ್ರಕಾರ ಥ್ಯಾಚಿಗಿಂತ ಇದೇ ಕೆಟ್ಟದ್ದು.

ಮರಳಿನ ಕಾಳು ಹೆಚ್ಚಿನಂಶ 0.25ರಿಂದ 1 ಮಿ.ಮೀ. ಇರಲಿ, ಕೆಳಗೆ ಮೊದಲೇ ಇರುವ ಮರಳಿಗೂ ಹೊಂದಲಿ. ಕಟ್ಟಡಕ್ಕೆ ಬರುವ ಎಂ-ಸ್ಯಾಂಡನ್ನು ಹಾಗೇ ತಂದು ಸುರಿಯಬೇಡಿ. ಅದರ ಕಲ್ಲುಪುಡಿ ಸಂದುಗಳನ್ನೇ ಮುಚ್ಚುತ್ತದೆ. ಬಾಟಲಿಯಲ್ಲಿ ಸ್ವಲ್ಪ ಮರಳು, ನೀರು ಹಾಕಿ ಕುಲುಕಿ. ನೀರು ಬಹಳ ಹೊತ್ತು ರಾಡಿಯಾಗೇ ಇದ್ದರೆ ಆ ಮರಳು ಬೇಡ.

ಹುಲ್ಲು ಜೋರಾಗಿ ಬೆಳೆಯುವ ಏಪ್ರಿಲ್, ಮೇ ಈ ಕೆಲಸಕ್ಕೆ ಸರಿ. ಚಳಿಗಾಲದಲ್ಲಿ ಗಾಯ ಮಾಯುವುದು ನಿಧಾನ. ಒಣ ಮರಳನ್ನು ಒಣ ಹುಲ್ಲಿನ ಮೇಲೆ ಹರಡಿ, ಪೊರಕೆ ಇಲ್ಲವೇ ಬ್ರಷ್‌ನಿಂದ ಇಳಿಸಿ, ಆಮೇಲೆ ನೀರು ಬಿಡಿ. ಮೊದಲ ಕಟಾವಿಗೆ ಮಾತ್ರ ಸಾಣೆ ಹಿಡಿದ ಹೊಸ ಮೆಷಿನ್ ಇಳಿಸಬೇಡಿ. ಮರಳಿಗೆ ಬ್ಲೇಡ್ ಮೊಂಡಾಗುತ್ತದೆ, ಹಳೆಯದನ್ನೇ ಓಡಿಸಿ.